ಫಾರಂ ತಗೊಳ್ತಾ ಇಲ್ವಾ? ಸ್ಕ್ರೀನ್ ರೀಡರ್ ಬಳಸುವವರು ದೋಷ ಹುಡುಕುವ ದಾರಿ

"ಅಣ್ಣಾ, ಫಾರಂ ತಗೊಳ್ತಾನೇ ಇಲ್ಲ." ನನಗೆ ಬರುವ ಫೋನುಗಳು ಬಹುಪಾಲು ಹೀಗೇ ಶುರುವಾಗುತ್ತವೆ. ಮಡಿಕೇರಿಯಿಂದ ಬರಲಿ, ಶನಿವಾರಸಂತೆಯಿಂದ ಬರಲಿ, ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಿಂದ ಕೊನೆಗೆ ನಿಮಗೆ ಏನು ಕೇಳಿಸಿತು? "ಎಡಿಟ್" ಅಂತಲಾ, "ಕ್ಲಿಕಬಲ್" ಅಂತಲಾ, "ಅನ್‌ಅವೈಲಬಲ್" ಅಂತಲಾ, ಇಲ್ಲಾ ಏನೂ ಕೇಳಿಸಲೇ ಇಲ್ವಾ? ದೋಷ ಎಲ್ಲಿದೆ ಅನ್ನುವುದಕ್ಕೆ ಆ ಕೊನೆಯ ಮಾತಿಗಿಂತ ಒಳ್ಳೆಯ ಸುಳಿವಿಲ್ಲ. ಹಾಗಾಗಿ ಫಾರಂ ನಿಂತ ಕೂಡಲೇ ಕೈಗೆ ಸಿಕ್ಕ ಕೀ ಒತ್ತಬೇಡಿ. ಏನು ಕೇಳಿಸಿತು ಅಂತ ನೆನಪಿಟ್ಟುಕೊಳ್ಳಿ.

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ, ವಿದ್ಯಾರ್ಥಿವೇತನ, ಬ್ಯಾಂಕ್ ಕೆಲಸ ಎಲ್ಲಾ ಈಗ ವೆಬ್ ಫಾರಂಗೇ ಬಂದು ನಿಂತಿವೆ. ಫಾರಂ ಕೈಕೊಟ್ಟರೆ ನಮ್ಮಲ್ಲಿ ಜಾಸ್ತಿ ಜನ ಲ್ಯಾಪ್‌ಟಾಪನ್ನು ಪಕ್ಕದವರ ಕೈಗೆ ಕೊಟ್ಟುಬಿಡುತ್ತಾರೆ. ಅದರ ಜೊತೆ ಆಧಾರ್ ನಂಬರ್, ಪಾಸ್‌ವರ್ಡ್, ಒಟಿಪಿ ಕೂಡ ಹೋಗುತ್ತದೆ. ಇದು ನನಗೆ ತುಂಬಾ ಬೇಜಾರಿನ ವಿಷಯ. ದೋಷ ಎಲ್ಲಿದೆ ಎಂದು ಗೊತ್ತಾದರೆ ಬಹಳ ಸಲ ಬೇರೆಯವರ ಸಹಾಯವೇ ಬೇಡ. ಬೇಕಾದರೂ ಒಂದೇ ಒಂದು ಬಾಕ್ಸ್‌ಗೆ ಸಾಕಾಗುತ್ತದೆ.

ಇಲ್ಲಿ ಹೇಳಿರುವ ಕೀಗಳು ವಿಂಡೋಸ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವರಿಗೆ. ಅದು ಉಚಿತ, ನಮ್ಮ ಕಡೆ ಹೆಚ್ಚು ಜನ ಬಳಸುವುದೂ ಅದನ್ನೇ. "ಎನ್‌ವಿಡಿಎ ಕೀ" ಅಂದರೆ ಇನ್ಸರ್ಟ್, ಅಥವಾ ನೀವು ಹಾಗೆ ಹೊಂದಿಸಿಕೊಂಡಿದ್ದರೆ ಕ್ಯಾಪ್ಸ್ ಲಾಕ್.

ಟೈಪ್ ಮಾಡಿದರೆ ಎಲ್ಲೆಲ್ಲಿಗೋ ಹೋಗುತ್ತದೆ

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ಹೆಸರಿನ ಬಾಕ್ಸ್‌ಗೆ ಬಂದು ಕಾವೇರಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತೀರಿ. ಕೆ ಒತ್ತಿದರೆ ಯಾವುದೋ ಲಿಂಕ್ ಓದುತ್ತದೆ. ವಿ ಒತ್ತಿದರೆ ಹಿಂದೆ ತೆರೆದಿದ್ದ ಲಿಂಕ್. ಇ ಒತ್ತಿದರೆ ಮುಂದಿನ ಎಡಿಟ್ ಬಾಕ್ಸ್. ಆರ್ ಒತ್ತಿದರೆ ರೇಡಿಯೋ ಬಟನ್. ಐ ಒತ್ತಿದರೆ ಪಟ್ಟಿಯ ಒಂದು ಸಾಲು. ಹೆಸರು ಮಾತ್ರ ಎಲ್ಲೂ ಬಿದ್ದಿರುವುದಿಲ್ಲ. ಫಾರಂ ಕೆಟ್ಟಿಲ್ಲ, ಕೀಬೋರ್ಡೂ ಕೆಟ್ಟಿಲ್ಲ. ನೀವು ಬ್ರೌಸ್ ಮೋಡ್‌ನಲ್ಲಿ ಇದ್ದೀರಿ. ಆ ಮೋಡ್‌ನಲ್ಲಿ ಅಕ್ಷರಗಳು ಪುಟದಲ್ಲಿ ಓಡಾಡುವುದಕ್ಕೆ ಇವೆ, ಬರೆಯುವುದಕ್ಕೆ ಅಲ್ಲ.

ಟ್ಯಾಬ್ ಒತ್ತಿ ಬಾಕ್ಸ್‌ಗೆ ಬಂದರೆ ಎನ್‌ವಿಡಿಎ ತಾನಾಗಿ ಫೋಕಸ್ ಮೋಡ್‌ಗೆ, ಅಂದರೆ ಬರೆಯುವ ಮೋಡ್‌ಗೆ, ಹೋಗುತ್ತದೆ. ಇ ಅಥವಾ ಎಫ್ (ಫಾರಂನ ಮುಂದಿನ ಬಾಕ್ಸ್‌ಗೋ ಬಟನ್‌ಗೋ ಹೋಗುವ ಕೀ) ಒತ್ತಿ ಬಂದರೆ ಹೋಗುವುದಿಲ್ಲ, ಎಂಟರ್ ಒತ್ತಬೇಕು. ಮೋಡ್ ಬದಲಾದಾಗ ಒಂದು ಸಣ್ಣ ಸದ್ದು ಬರುತ್ತದೆ. ಫೋಕಸ್‌ಗೆ ಒಂದು ಸದ್ದು, ಬ್ರೌಸ್‌ಗೆ ಇನ್ನೊಂದು. ಈ ಎರಡು ಸದ್ದು ಕಿವಿಗೆ ಹತ್ತಿಸಿಕೊಂಡರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು. ಬಾಕ್ಸ್ ಇದ್ದೂ ಎಂಟರ್‌ಗೆ ಬಗ್ಗದಿದ್ದರೆ ಎನ್‌ವಿಡಿಎ ಜೊತೆ ಸ್ಪೇಸ್ ಒತ್ತಿ ಕೈಯಾರೆ ಬದಲಿಸಿ. ಹಾಗೆ ಕೈಯಾರೆ ಬದಲಿಸಿದ್ದು ಎಸ್ಕೇಪ್ ಒತ್ತಿದರೆ ವಾಪಸ್ ಆಗುವುದಿಲ್ಲ. ಮತ್ತೆ ಅದೇ ಎರಡು ಕೀ ಒತ್ತಬೇಕು.

ಉಲ್ಟಾ ತೊಂದರೆಯೂ ಇದೆ. ಬರೀ ಟ್ಯಾಬ್ ಒತ್ತುತ್ತಾ ಹೋದರೆ ಬಾಕ್ಸ್‌ಗಳ ಮಧ್ಯೆ ಬರೆದಿರುವ ಸೂಚನೆಗಳು ಕೇಳಿಸುವುದೇ ಇಲ್ಲ. "ಫೋಟೋ ಇಷ್ಟು ಗಾತ್ರ ಮೀರಬಾರದು" ಅನ್ನುವಂಥ ಮಾತು ಹೀಗೇ ತಪ್ಪಿಹೋಗುತ್ತದೆ. ಹೊಸ ಫಾರಂ ಸಿಕ್ಕರೆ ಒಂದಕ್ಷರ ಬರೆಯುವ ಮೊದಲು ಬ್ರೌಸ್ ಮೋಡ್‌ನಲ್ಲಿ ಕೆಳಗಿನ ಬಾಣದ ಕೀ ಒತ್ತುತ್ತಾ ಪೂರ್ತಿ ಕೇಳಿಬಿಡಿ. ಬೇಜಾರಿನ ಕೆಲಸ, ನಿಜ. ಆದರೂ ಅರ್ಧಕ್ಕೆ ಬಂದು ನಿಲ್ಲುವುದಕ್ಕಿಂತ ವಾಸಿ.

ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಬಳಸುವವರಿಗೂ ಇದೇ ಮಾತು. ಅಲ್ಲಿ ಬರೆಯುವ ಮೋಡ್‌ನ ಹೆಸರು ಫಾರಂಸ್ ಮೋಡ್. ಹೊರಬರಲು ನಂಬರ್ ಪ್ಯಾಡಿನ ಪ್ಲಸ್ ಕೀ. ಇನ್ಸರ್ಟ್ ಜೊತೆ ಎಫ್5 ಒತ್ತಿದರೆ ಫಾರಂನ ಎಲ್ಲಾ ಬಾಕ್ಸ್‌ಗಳ ಪಟ್ಟಿ ಬರುತ್ತದೆ.

ಬರೀ "ಎಡಿಟ್, ಬ್ಲ್ಯಾಂಕ್"

ಹೆಸರಾ, ಊರಾ, ಪಿನ್ ಕೋಡಾ, ಏನೂ ಹೇಳುವುದಿಲ್ಲ. ಇಲ್ಲಿ ತಪ್ಪು ನಿಮ್ಮದಲ್ಲ, ಪುಟ ಮಾಡಿದವರದ್ದು. ಪರದೆ ಮೇಲೆ ಬಾಕ್ಸ್ ಪಕ್ಕ "ತಂದೆಯ ಹೆಸರು" ಅಂತ ಬರೆದಿರುತ್ತದೆ. ಆದರೆ ಆ ಮಾತಿಗೂ ಬಾಕ್ಸ್‌ಗೂ ಕೋಡ್‌ನಲ್ಲಿ ಗಂಟು ಹಾಕಿರುವುದಿಲ್ಲ. ಕಣ್ಣಿಗೆ ಹತ್ತಿರ ಕಾಣುವುದು ಸ್ಕ್ರೀನ್ ರೀಡರ್‌ಗೆ ಸಂಬಂಧವೇ ಇಲ್ಲದ ಎರಡು ವಸ್ತು.

ಊಹೆ ಮಾಡಿ ಬರೆಯಬೇಡಿ. ಎಸ್ಕೇಪ್ ಒತ್ತಿ ಬ್ರೌಸ್ ಮೋಡ್‌ಗೆ ಬನ್ನಿ, ಮೇಲಿನ ಬಾಣ ಒತ್ತಿ ಹಿಂದಿನ ಸಾಲು ಕೇಳಿ. ಎಡಿಟ್ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಹೆಸರು ಮೊದಲು, ಬಾಕ್ಸ್ ಆಮೇಲೆ. ರೇಡಿಯೋ ಬಟನ್ ಮತ್ತು ಚೆಕ್ ಬಾಕ್ಸ್‌ನಲ್ಲಿ ಇದು ತಿರುಗಾಮುರುಗಾ. ಅಲ್ಲೇ ಜಾಸ್ತಿ ಜನ ಎಡವುವುದು. "ಲಿಂಗ" ಎಂದು ಓದುತ್ತದೆ, ಆಮೇಲೆ ರೇಡಿಯೋ ಬಟನ್, "ಪುರುಷ", ರೇಡಿಯೋ ಬಟನ್, "ಮಹಿಳೆ". "ಪುರುಷ" ಆದ ಮೇಲೆ ಬಂದ ಬಟನ್ ಪುರುಷರದ್ದು ಅಂದುಕೊಂಡು ಒತ್ತಿದರೆ ಮಹಿಳೆ ಎಂದು ಬೀಳುತ್ತದೆ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಆ ಗುಂಪಿನ ಕೊನೆಯ ಬಟನ್ ಆದ ಮೇಲೆ ಒಂದು ಮಾತು ಉಳಿದಿದೆಯಾ ನೋಡಿ. ಉಳಿದಿದ್ದರೆ ಹೆಸರು ಬಟನ್‌ನ ನಂತರ ಬರುತ್ತಿದೆ ಎಂದರ್ಥ.

ಇನ್ನು ಕೆಲವು ಬಾಕ್ಸ್‌ಗಳು ಖಾಲಿ ಇದ್ದಾಗ ಹೆಸರು ಹೇಳುತ್ತವೆ, ತುಂಬಿದ ಮೇಲೆ ಹೇಳುವುದಿಲ್ಲ. ಬಾಕ್ಸ್ ಒಳಗೇ ಮಸುಕಾಗಿ ಬರೆದಿದ್ದ ಸೂಚನೆಯನ್ನೇ ಹೆಸರಿನ ಬದಲು ಬಳಸಿದಾಗ ಹೀಗಾಗುತ್ತದೆ. ಅಂಥ ಫಾರಂನಲ್ಲಿ ಬಾಕ್ಸ್‌ಗಳ ಕ್ರಮವನ್ನು ಮೊದಲೇ ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಜಿಲ್ಲೆ ಸಿಕ್ಕಿದರೆ ತಾಲ್ಲೂಕು ಇಲ್ಲ

ಕೊಡಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಿಲ್ಲೆಯ ಕಾಂಬೋ ಬಾಕ್ಸ್‌ಗೆ (ಪಟ್ಟಿಯಿಂದ ಒಂದನ್ನು ಆರಿಸುವ ಬಾಕ್ಸ್) ಬಂದು ಸುಮ್ನೆ ಕೆಳಗಿನ ಬಾಣ ಒತ್ತುತ್ತಾ ಹೋಗುತ್ತೀರಿ. ಬಾಗಲಕೋಟೆ ಅನ್ನುತ್ತದೆ, ಆಮೇಲೆ ಪುಟದ ತುದಿಗೆ ಎಸೆಯುತ್ತದೆ. ಕೆಲವು ಪುಟಗಳು ಪಟ್ಟಿಯಲ್ಲಿ ಒಂದೊಂದು ಹೆಸರು ದಾಟಿದಾಗಲೂ "ಇವರು ಇದನ್ನೇ ಆರಿಸಿದರು" ಅಂದುಕೊಂಡು ಆ ಜಿಲ್ಲೆಯ ತಾಲ್ಲೂಕು ತರಲು ಓಡುತ್ತವೆ. ಅದಕ್ಕೇ ಮೊದಲು ಆಲ್ಟ್ ಜೊತೆ ಕೆಳಗಿನ ಬಾಣ ಒತ್ತಿ ಪಟ್ಟಿ ಬಿಚ್ಚಿ. ಬೇಕಾದ್ದು ಸಿಕ್ಕ ಮೇಲೆ ಎಂಟರ್ ಒತ್ತಿ. ಅಲ್ಲಿವರೆಗೆ ಪುಟಕ್ಕೆ ಏನೂ ಗೊತ್ತಾಗುವುದಿಲ್ಲ.

ಪಟ್ಟಿ ಇಂಗ್ಲಿಷಿನಲ್ಲಿದ್ದರೆ ಬರೀ ಕೆ ಒತ್ತಿದಾಗ ಕಲಬುರಗಿಗೆ ಹೋಗಬಹುದು. ಕೊಡಗು, ಕೋಲಾರ, ಕೊಪ್ಪಳ ಮೂರೂ ಅದರ ಹಿಂದೆಯೇ ಇವೆ. ಕೆ, ಒ, ಡಿ ಮೂರನ್ನೂ ಬೇಗ ಬೇಗ ಒತ್ತಿದರೆ ನೇರ ಕೊಡಗು. ಸಿಗಲಿಲ್ಲವಾ? ಸಿ ಒತ್ತಿ ನೋಡಿ. ಹಳೇ ಪಟ್ಟಿಗಳಲ್ಲಿ ಚಾಮರಾಜನಗರ, ಚಿಕ್ಕಮಗಳೂರು, ಚಿತ್ರದುರ್ಗಗಳ ಜೊತೆ ಕೂರ್ಗ್ ಎಂದು ಕೂತಿರುತ್ತದೆ.

ತಾಲ್ಲೂಕಿನ ಪಟ್ಟಿಯಲ್ಲಿ "ಸೆಲೆಕ್ಟ್" ಒಂದೇ ಕೇಳಿಸಿದರೆ ಎರಡು ಕಾರಣ ಇರಬಹುದು. ಹೆಸರುಗಳು ಇನ್ನೂ ಬಂದಿಲ್ಲ, ಅಥವಾ ಬಂದಿವೆ, ಎನ್‌ವಿಡಿಎಗೆ ಗೊತ್ತಾಗಿಲ್ಲ. ಸ್ವಲ್ಪ ಕಾದು ಎನ್‌ವಿಡಿಎ ಜೊತೆ ಎಫ್5 ಒತ್ತಿ. ಇದು ಪುಟವನ್ನು ಮತ್ತೆ ಓದಿಕೊಳ್ಳುತ್ತದೆ, ಬರೆದಿದ್ದು ಅಳಿಸುವುದಿಲ್ಲ. ಬರೀ ಎಫ್5 ಒತ್ತಿದರೆ ಪುಟವೇ ಹೊಸದಾಗಿ ಬಂದು ತುಂಬಿದ್ದೆಲ್ಲಾ ಹೋಗಬಹುದು. ಕೈ ತಪ್ಪದಂತೆ ಒತ್ತಿ. ಇಷ್ಟಾದರೂ ತಾಲ್ಲೂಕು ಬರದಿದ್ದರೆ ಜಿಲ್ಲೆಗೆ ಹಿಂದಿರುಗಿ ಬೇರೆ ಜಿಲ್ಲೆ ಆರಿಸಿ, ಮತ್ತೆ ಕೊಡಗು ಆರಿಸಿ.

ಪಟ್ಟಿ ಬಂದರೂ ಪೊನ್ನಂಪೇಟೆ, ಕುಶಾಲನಗರ ಕೇಳಿಸದಿದ್ದರೆ ಸ್ಕ್ರೀನ್ ರೀಡರ್ ಬಿಟ್ಟುಹೋಯಿತು ಅಂದುಕೊಳ್ಳಬೇಡಿ. ಹೋಮ್ ಕೀ ಒತ್ತಿ ಮೊದಲಿನಿಂದ ಕೇಳಿ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಈ ಮೂರೇ ಇದ್ದರೆ ಅದು ಹೊಸ ತಾಲ್ಲೂಕು ಆಗುವ ಮೊದಲಿನ ಪಟ್ಟಿ. ಪೊನ್ನಂಪೇಟೆ ಮೊದಲು ವಿರಾಜಪೇಟೆಯಲ್ಲಿತ್ತು, ಕುಶಾಲನಗರ ಸೋಮವಾರಪೇಟೆಯಲ್ಲಿತ್ತು. ಜಮೀನಿನ ಫಾರಂ ಆದರೆ ನಿಮ್ಮ ಪಹಣಿಯಲ್ಲಿ ಯಾವ ತಾಲ್ಲೂಕು, ಯಾವ ಹೋಬಳಿ ಇದೆ ಎಂದು ಓದಿಸಿಕೊಂಡು ಆರಿಸಿ.

ಇನ್ನೊಂದು ಬಗೆಯ ಪಟ್ಟಿ ಇದೆ. ಊರಿನ ಹೆಸರು ಟೈಪ್ ಮಾಡಿದರೆ ಕೆಳಗೆ ಹೆಸರುಗಳು ತೆರೆದುಕೊಳ್ಳುತ್ತವೆ, ನಮಗೆ ಮಾತ್ರ ಸದ್ದೇ ಇಲ್ಲ. ಕೆಳಗಿನ ಬಾಣ ಒತ್ತಿ ನೋಡಿ. ಓದದಿದ್ದರೆ ಬ್ರೌಸ್ ಮೋಡ್‌ಗೆ ಬಂದು ಕಂಟ್ರೋಲ್ ಜೊತೆ ಎಂಡ್ ಒತ್ತಿ ಪುಟದ ಕೊನೆಗೆ ಹೋಗಿ. ಕಣ್ಣಿಗೆ ಬಾಕ್ಸ್ ಕೆಳಗೇ ಕಾಣುವ ಪಟ್ಟಿಯನ್ನು ಕೋಡ್‌ನಲ್ಲಿ ಪುಟದ ಕೊನೆಗೆ ಅಂಟಿಸಿರುವುದು ಮಾಮೂಲು.

"ಹೆಸರು ಹೊಂದಿಕೆಯಾಗುತ್ತಿಲ್ಲ"

ಇದು ಕಿವಿಯನ್ನು ಮೋಸ ಮಾಡುವ ದೋಷ. ಕಾರ್ಯಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಸಿ ಯಿಂದ ಬರೆಯುವವರೂ ಇದ್ದಾರೆ, ಕೆ ಯಿಂದ ಬರೆಯುವವರೂ ಇದ್ದಾರೆ. ಸ್ಕ್ರೀನ್ ರೀಡರ್ ಎರಡನ್ನೂ ಒಂದೇ ಥರ ಓದುತ್ತದೆ. ತಿಮ್ಮಯ್ಯ, ಪೂಣಚ್ಚ, ಬೋಪಣ್ಣ ಎಲ್ಲದಕ್ಕೂ ಇದೇ ಕಥೆ. ನೀವು ಕೇಳಿ "ಸರಿ ಇದೆ" ಅನ್ನುತ್ತೀರಿ, ಆಧಾರ್ ಜೊತೆ ಹೋಲಿಸುವ ಯಂತ್ರ "ಇಲ್ಲ" ಅನ್ನುತ್ತದೆ.

ಅಕ್ಷರ ಅಕ್ಷರ ಕೇಳಲೇಬೇಕು. ಡೆಸ್ಕ್‌ಟಾಪ್ ಕೀಬೋರ್ಡ್ ಜೋಡಣೆಯಲ್ಲಿ ಎನ್‌ವಿಡಿಎ ಜೊತೆ ಮೇಲಿನ ಬಾಣ, ಲ್ಯಾಪ್‌ಟಾಪ್ ಜೋಡಣೆಯಲ್ಲಿ ಎನ್‌ವಿಡಿಎ ಜೊತೆ ಎಲ್. ಬೇಗ ಬೇಗ ಎರಡು ಸಲ ಒತ್ತಿದರೆ ಆ ಸಾಲನ್ನು ಬಿಡಿ ಅಕ್ಷರವಾಗಿ ಹೇಳುತ್ತದೆ. ಆಧಾರ್‌ನಲ್ಲಿರುವ ಹೆಸರನ್ನು ಒಂದು ಸಲ ಹೀಗೆ ಖಚಿತ ಮಾಡಿಕೊಂಡು ಒಂದು ಫೈಲ್‌ನಲ್ಲಿ ಇಟ್ಟುಕೊಳ್ಳಿ. ಪ್ರತಿ ಸಲ ಅಲ್ಲಿಂದಲೇ ಕಾಪಿ ಮಾಡಿ. ಕಾಪಿ ಮಾಡುವಾಗ ಕೊನೆಯಲ್ಲಿ ಒಂದು ಖಾಲಿ ಸ್ಪೇಸ್ ಸೇರಿಕೊಂಡರೂ ಕೆಲವು ಫಾರಂ ತಪ್ಪು ಅನ್ನುತ್ತವೆ. ಬಾಕ್ಸ್‌ನಲ್ಲಿ ಎಂಡ್ ಒತ್ತಿ, ಎಡ ಬಾಣ ಒತ್ತಿ ಕೇಳಿ. "ಸ್ಪೇಸ್" ಅಂದರೆ ಅಳಿಸಿ.

ಕೊಡವ ಹೆಸರುಗಳಿಗೆ ಇನ್ನೊಂದು ತೊಡಕು. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಅಂದರೆ ಮೊದಲು ಮನೆತನ, ಆಮೇಲೆ ತಂದೆ, ಕೊನೆಗೆ ಸ್ವಂತ ಹೆಸರು. ಫಾರಂ ಕೇಳುವ "ಫಸ್ಟ್ ನೇಮ್, ಲಾಸ್ಟ್ ನೇಮ್" ಇದಕ್ಕೆ ಹೊಂದುವುದಿಲ್ಲ. ಇಲ್ಲಿ ಸ್ಕ್ರೀನ್ ರೀಡರ್‌ನ ದೋಷ ಏನೂ ಇಲ್ಲ, ಕೀ ಬದಲಿಸಿ ಪ್ರಯೋಜನವಿಲ್ಲ. ಆಧಾರ್‌ನಲ್ಲಿ ಯಾವ ಕ್ರಮ ಇದೆಯೋ ಅದೇ ಕ್ರಮ ಹಿಡಿಯಿರಿ.

ಬ್ಯಾಂಕಿನ ಐಎಫ್ಎಸ್‌ಸಿ ಕೋಡಿಗೂ ಇದೇ ಎಚ್ಚರ ಬೇಕು. ಅದರಲ್ಲಿ 11 ಅಕ್ಷರ. ಐದನೆಯದು ಸೊನ್ನೆ, ಇಂಗ್ಲಿಷಿನ ಒ ಅಲ್ಲ.

ಸಬ್‌ಮಿಟ್ ಒತ್ತಿದರೆ ಮೌನ

ಒತ್ತಿದಿರಿ. ಏನೂ ಇಲ್ಲ. ಪುಟ ಅಲ್ಲೇ ಇದೆ. ಪರದೆಯಲ್ಲಿ ಯಾವುದೋ ಬಾಕ್ಸ್ ಸುತ್ತ ಕೆಂಪು ಗೆರೆ ಬಂದಿರುತ್ತದೆ, ಅದನ್ನು ನಮಗೆ ಯಾರೂ ಹೇಳುವುದಿಲ್ಲ. ಈ ಒಂದು ದೋಷಕ್ಕೆ ನನಗೆ ಬರುವಷ್ಟು ಸಿಟ್ಟು ಬೇರೆ ಯಾವುದಕ್ಕೂ ಬರುವುದಿಲ್ಲ. ತಪ್ಪಾಗಿದೆ ಎಂದು ಗೊತ್ತಿದ್ದೂ ಏನು ತಪ್ಪು ಎಂದು ಹೇಳದೆ ಕೂರಿಸುವುದು ಸರಿಯಾ?

ಮೊದಲು ಎನ್‌ವಿಡಿಎ ಜೊತೆ ಟಿ ಒತ್ತಿ ಪುಟದ ಶೀರ್ಷಿಕೆ ಕೇಳಿ. ಬದಲಾಗಿದ್ದರೆ ಫಾರಂ ಹೋಗಿದೆ, ಹೊಸ ಪುಟವನ್ನು ಮೇಲಿನಿಂದ ಓದಿ. ಬದಲಾಗದಿದ್ದರೆ ಬ್ರೌಸ್ ಮೋಡ್‌ನಲ್ಲಿ ಮೇಲಕ್ಕೆ ಹೋಗಿ ಎಫ್ ಒತ್ತುತ್ತಾ ಬನ್ನಿ. ಪುಟ ಸರಿಯಾಗಿ ಮಾಡಿದ್ದರೆ ತಪ್ಪಿರುವ ಬಾಕ್ಸ್‌ನಲ್ಲಿ "ಇನ್‌ವ್ಯಾಲಿಡ್ ಎಂಟ್ರಿ" ಎಂದು ಕೇಳಿಸುತ್ತದೆ. ಕೇಳಿಸದಿದ್ದರೆ ಎನ್‌ವಿಡಿಎ, ಕಂಟ್ರೋಲ್, ಎಫ್ ಮೂರೂ ಒತ್ತಿ ಹುಡುಕಿ. ಇಂಗ್ಲಿಷ್ ಪುಟವಾದರೆ ಪ್ಲೀಸ್, ಇನ್‌ವ್ಯಾಲಿಡ್, ರಿಕ್ವೈರ್ಡ್ ಅನ್ನುವ ಪದಗಳು. ಕನ್ನಡ ಪುಟವಾದರೆ "ದಯವಿಟ್ಟು", "ಕಡ್ಡಾಯ". ಎಚ್ಚರಿಕೆಯ ಸಾಲಿನಲ್ಲಿ ಸಾಮಾನ್ಯವಾಗಿ ಇವುಗಳಲ್ಲಿ ಒಂದು ಇರುತ್ತದೆ.

ಬಟನ್ ಮೇಲೆ "ಅನ್‌ಅವೈಲಬಲ್" ಎಂದು ಕೇಳಿಸಿದರೆ ಒತ್ತಿ ಫಲವಿಲ್ಲ. ಏನೋ ಬಾಕಿ ಇದೆ. ಸಾಮಾನ್ಯವಾಗಿ ಕೊನೆಯ ಘೋಷಣೆಯ ಚೆಕ್ ಬಾಕ್ಸ್. ಎಕ್ಸ್ ಒತ್ತಿ ಹುಡುಕಿ. ಎಕ್ಸ್‌ಗೆ ಸಿಗದಿದ್ದರೆ ಅದು ನಿಜವಾದ ಚೆಕ್ ಬಾಕ್ಸ್ ಅಲ್ಲ, ಚಿತ್ರ ಬರೆದು ಹಾಗೆ ಕಾಣಿಸಿದ್ದು. ಘೋಷಣೆಯ ಸಾಲಿನ ಹತ್ತಿರ "ಕ್ಲಿಕಬಲ್" ಎಂದು ಕೇಳಿಸುವ ಕಡೆ ಎಂಟರ್ ಒತ್ತಿ. ಅದಕ್ಕೂ ಆಗದಿದ್ದರೆ ಮೌಸನ್ನೇ ಅಲ್ಲಿಗೆ ತನ್ನಿ. ಡೆಸ್ಕ್‌ಟಾಪ್ ಜೋಡಣೆಯಲ್ಲಿ ಎನ್‌ವಿಡಿಎ ಜೊತೆ ನಂಬರ್ ಪ್ಯಾಡಿನ ಭಾಗಾಕಾರದ ಕೀ, ಆಮೇಲೆ ಬರೀ ಭಾಗಾಕಾರದ ಕೀ. ಮೊದಲನೆಯದು ಮೌಸ್ ತರುತ್ತದೆ, ಎರಡನೆಯದು ಕ್ಲಿಕ್ ಮಾಡುತ್ತದೆ.

ಹಣ ಕಟ್ಟುವ ಬಟನ್ ಆದರೆ ಮಾತ್ರ ಎರಡನೇ ಸಲ ಒತ್ತಲೇಬೇಡಿ. ಮೊದಲು ಬ್ಯಾಂಕಿನ ಮೆಸೇಜ್ ಬಂದಿದೆಯಾ ನೋಡಿ.

ದಿನಾಂಕ, ಫೋಟೋ, ಕ್ಯಾಪ್ಚಾ

ಹುಟ್ಟಿದ ದಿನಾಂಕದ ಬಾಕ್ಸ್ "ರೀಡ್ ಓನ್ಲಿ" ಅಂದರೆ ಟೈಪ್ ಮಾಡಲು ಬಿಡುವುದಿಲ್ಲ, ಕ್ಯಾಲೆಂಡರಿನಿಂದಲೇ ಆರಿಸಬೇಕು. ಒಂದೊಂದೇ ತಿಂಗಳು ಹಿಂದೆ ಹೋಗುತ್ತಾ 1975ಕ್ಕೆ ತಲುಪುವುದು ಶಿಕ್ಷೆ. ಬ್ರೌಸ್ ಮೋಡ್‌ನಲ್ಲಿ ಸಿ ಒತ್ತಿ ವರ್ಷಕ್ಕೆ ಬೇರೆ ಕಾಂಬೋ ಬಾಕ್ಸ್ ಇದೆಯಾ ನೋಡಿ. ಇಲ್ಲದಿದ್ದರೆ ತಿಂಗಳು ಮತ್ತು ವರ್ಷ ಬರೆದಿರುವ ಸಾಲಿನ ಮೇಲೆ ಎಂಟರ್ ಒತ್ತಿ, ಬಹಳ ಕಡೆ ವರ್ಷಗಳ ಪಟ್ಟಿ ತೆರೆಯುತ್ತದೆ.

ಫೋಟೋ ಹಾಕಿದ ಮೇಲೆ ಬಟನ್ ಪಕ್ಕದಲ್ಲಿ ಫೈಲಿನ ಹೆಸರು ಓದಬೇಕು. "ನೋ ಫೈಲ್ ಚೋಸನ್" ಎಂದೇ ಇದ್ದರೆ ಹತ್ತಿಲ್ಲ. ಗಾತ್ರ ನೋಡಲು ಫೈಲ್ ಮೇಲೆ ನಿಂತು ಆಲ್ಟ್ ಜೊತೆ ಎಂಟರ್.

ಕ್ಯಾಪ್ಚಾದಲ್ಲಿ (ತುಂಬುತ್ತಿರುವುದು ಮನುಷ್ಯರೇ ಎಂದು ಪರೀಕ್ಷಿಸುವ ಚಿತ್ರ) ಆಡಿಯೋ ಬಟನ್ ಇದೆಯಾ ಎಂದು ಬಿ ಒತ್ತಿ ಹುಡುಕಿ. ಇಲ್ಲದಿದ್ದರೆ ಇದೊಂದಕ್ಕೆ ಬೇರೆಯವರ ಕಣ್ಣು ಬೇಕು. ಮನೆಯವರಿಗೋ, ಬಿ ಮೈ ಐಸ್ ಆ್ಯಪ್‌ನ ಸ್ವಯಂಸೇವಕರಿಗೋ ಆ ಚಿತ್ರ ಒಂದನ್ನೇ ಓದಲು ಹೇಳಿ. ಟೈಪ್ ಮಾಡುವುದು ನೀವೇ. ಒಟಿಪಿ ಬರುವ ಮೊದಲು ಕರೆ ಮುಗಿಸಿಬಿಡಿ.

ಕನ್ನಡ ಓದುತ್ತಿಲ್ಲ, ಅಥವಾ ಏನೇನೋ ಓದುತ್ತದೆ

ಅಂಕಿ ಮತ್ತು ಇಂಗ್ಲಿಷ್ ಪದ ಮಾತ್ರ ಕೇಳಿಸಿ ಮಧ್ಯೆ ಮೌನ ಇದ್ದರೆ ನಿಮ್ಮ ಧ್ವನಿಗೆ ಕನ್ನಡ ಬರುವುದಿಲ್ಲ. ಎನ್‌ವಿಡಿಎ, ಕಂಟ್ರೋಲ್, ಎಸ್ ಒತ್ತಿ ಇಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶ ಆರಿಸಿ. ಆಮೇಲೆ ಎನ್‌ವಿಡಿಎ, ಕಂಟ್ರೋಲ್, ವಿ ಒತ್ತಿ ಕನ್ನಡ ಧ್ವನಿ ಆರಿಸಿ. ದನಿ ಇಂಪಾಗಿಲ್ಲ, ಆದರೆ ಅಕ್ಷರ ನುಂಗುವುದಿಲ್ಲ.

ಕನ್ನಡ ಧ್ವನಿ ಹಾಕಿದ ಮೇಲೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನೇ ಓದಿದರೆ ಆ ಪುಟ ಯೂನಿಕೋಡ್‌ನಲ್ಲಿ (ಯಂತ್ರ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತ) ಇಲ್ಲ. ಹಳೇ ನುಡಿ, ಬರಹ ಫಾಂಟ್‌ನಲ್ಲಿ ಹಾಕಿದ್ದು. ನೋಡುವವರಿಗೆ ಕನ್ನಡ, ಯಂತ್ರಕ್ಕೆ ಬರೀ ಗೋಜಲು. ಇದಕ್ಕೆ ನಿಮ್ಮ ಕಡೆಯಿಂದ ಮದ್ದಿಲ್ಲ. ಇಂಗ್ಲಿಷ್ ಪುಟದ ಲಿಂಕ್ ಹುಡುಕಿ.

ಪಾಸ್‌ವರ್ಡ್ ತಪ್ಪು ಎಂದು ಬರುತ್ತಿದ್ದರೆ ಕೀಬೋರ್ಡ್ ಕನ್ನಡದಲ್ಲೇ ಉಳಿದಿದೆಯಾ ನೋಡಿ. ಅಲ್ಲಿ ಏನು ಒತ್ತಿದರೂ "ಸ್ಟಾರ್" ಎಂದಷ್ಟೇ ಕೇಳಿಸುವುದರಿಂದ ಗೊತ್ತೇ ಆಗುವುದಿಲ್ಲ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಮಳೆಗಾಲದ ದೋಷ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಟವರ್ ಯಾವಾಗ ಸಾಯುತ್ತದೆ ಹೇಳಲಾಗದು, ಅಲ್ವಾ? ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಸ್ಕ್ರೀನ್ ರೀಡರ್ ಮಾತಾಡುತ್ತಲೇ ಇರುತ್ತದೆ. ನೆಟ್ ಹೋಗಿರುವುದು ಮಾತ್ರ ಗೊತ್ತಾಗುವುದಿಲ್ಲ. ನಾವು ಕೇಳಿ ಕೇಳಿ ತುಂಬುವುದಕ್ಕೆ ಹೊತ್ತು ಬೇಕು. ಅಷ್ಟರಲ್ಲಿ ಲಾಗಿನ್ ಅವಧಿಯೂ ಮುಗಿದಿರುತ್ತದೆ. ಹಾಗಾಗಿ ಉತ್ತರಗಳನ್ನೆಲ್ಲಾ ನೋಟ್‌ಪ್ಯಾಡ್‌ನಲ್ಲಿ ಒಂದೊಂದು ಸಾಲಿಗೆ ಒಂದರಂತೆ ಬರೆದಿಟ್ಟು ಆಮೇಲೆ ಲಾಗಿನ್ ಆಗಿ. "ಸೇವ್ ಡ್ರಾಫ್ಟ್" ಇದ್ದರೆ ಆಗಾಗ ಒತ್ತಿ. ಸಬ್‌ಮಿಟ್ ಒತ್ತುವ ಮೊದಲು ಇನ್ನೊಂದು ಟ್ಯಾಬ್‌ನಲ್ಲಿ ಯಾವುದಾದರೂ ಪುಟ ತೆರೆದು ನೆಟ್ ಇದೆಯಾ ನೋಡಿ.

ಯಾರದ್ದು ದೋಷ ಎಂದು ಇನ್ನೂ ಅನುಮಾನ ಇದ್ದರೆ ಹೀಗೆ ಮಾಡಿ. ಕಂಟ್ರೋಲ್, ಆಲ್ಟ್, ಎನ್ ಒತ್ತಿ ಎನ್‌ವಿಡಿಎಯನ್ನು ಮತ್ತೆ ಶುರು ಮಾಡಿ. ಅದೇ ಪುಟವನ್ನು ಬೇರೆ ಬ್ರೌಸರ್‌ನಲ್ಲಿ ತೆರೆಯಿರಿ. ನಿಮಗೆ ಚೆನ್ನಾಗಿ ಗೊತ್ತಿರುವ ಬೇರೆ ಫಾರಂನಲ್ಲಿ ಟೈಪ್ ಮಾಡಿ ನೋಡಿ. ಅಲ್ಲೆಲ್ಲಾ ಸರಿ ಇದ್ದು ಇಲ್ಲಿ ಮಾತ್ರ ಆಗದಿದ್ದರೆ ದೋಷ ಪುಟದ್ದು. ಆಗ ದೂರು ಬರೆಯಬೇಕು.

ದೂರು ಬರೆಯುವ ಬಗೆ

"ನಿಮ್ಮ ಸೈಟ್ ಅಂಧರಿಗೆ ಆಗುವುದಿಲ್ಲ" ಎಂದು ಬರೆದರೆ ಅಲ್ಲಿರುವವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹೀಗೆ ಬರೆಯಿರಿ: "ಈ ವಿಳಾಸದ ಪುಟದಲ್ಲಿ ತಾಲ್ಲೂಕು ಆರಿಸುವ ಬಾಕ್ಸ್‌ಗೆ ಲೇಬಲ್ ಜೋಡಿಸಿಲ್ಲ. ಎನ್‌ವಿಡಿಎ 'ಕಾಂಬೋ ಬಾಕ್ಸ್' ಎಂದಷ್ಟೇ ಓದುತ್ತದೆ. 'ತಾಲ್ಲೂಕು, ಕಾಂಬೋ ಬಾಕ್ಸ್' ಎಂದು ಓದಬೇಕು." ಕೋಡ್ ಬರೆಯುವವರಿಗೆ ಇದು ಒಂದು ಸಾಲಿನ ಕೆಲಸ. ಎನ್‌ವಿಡಿಎ ಮತ್ತು ಬ್ರೌಸರ್‌ನ ಆವೃತ್ತಿ, ದಿನಾಂಕ ಸೇರಿಸಿ.

ಸರ್ಕಾರಿ ಸೈಟ್ ಆದರೆ ಪುಟದ ಕೊನೆಯಲ್ಲಿ ವೆಬ್ ಇನ್ಫರ್ಮೇಶನ್ ಮ್ಯಾನೇಜರ್ ಅವರ ವಿವರ ಹುಡುಕಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ನಿಮ್ಮ ಬೆನ್ನಿಗಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇ-ಕೆವೈಸಿ (ಆನ್‌ಲೈನ್‌ನಲ್ಲಿ ಗ್ರಾಹಕರ ಗುರುತು ಖಚಿತ ಮಾಡುವ ಕ್ರಮ) ಪ್ರಕರಣದಲ್ಲಿ ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ಒಂದು ಸಾಲಿನಲ್ಲಿ ಇದನ್ನೂ ಬರೆಯಿರಿ. ಉತ್ತರ ಬಂದ ಮೇಲೆ ಅದೇ ಪುಟಕ್ಕೆ ಹೋಗಿ ಎಫ್ ಒತ್ತುತ್ತಾ ಕೇಳಿ. ಸರಿಯಾಗಿದ್ದರೆ ಸರಿಯಾಗಿದೆ ಎಂದು ತಿಳಿಸಿ. ಆಗಿಲ್ಲದಿದ್ದರೆ ಮೊದಲ ದೂರಿನ ಪ್ರತಿ ಇಟ್ಟು ಅಂಗವಿಕಲರ ರಾಜ್ಯ ಆಯುಕ್ತರಿಗೆ ಕಳಿಸಿ.